ಪಾಲಿಕೆ ಐಟಿ ಸೆಲ್‌ನಲ್ಲಿ ಪ್ರೋಗ್ರಾಮರ್ಸ್ ಟೀಮ್ ನೋಡ್ಕೊಳ್ಳೋದು: ಎಲ್ರೂ ನೇರವಾಗಿ ಹುಡುಗರಿಗೇ ಕೆಲಸ ಹೇಳ್ತಾರೆ, ಏನ್ ಮಾಡ್ಲಿ?

ತುಂಗೆ_ದಂಡೆ ಕೇಳಿದ್ದು:

ನಮಸ್ಕಾರ ಎಲ್ರಿಗೂ. ಬೆಂಗಳೂರಲ್ಲಿ ಪ್ರೈವೇಟ್ ಕಂಪನೀಲಿ ಟೀಮ್ ಲೀಡ್ ಆಗಿದ್ದೆ, ಮನೆ ಪರಿಸ್ಥಿತಿಯಿಂದ ಊರ ಕಡೆ ಬಂದು ಈಗ ಒಂದು ಮಹಾನಗರ ಪಾಲಿಕೆಯ ಐಟಿ ಸೆಲ್‌ನಲ್ಲಿ ಗುತ್ತಿಗೆ ಮೇಲೆ ಪ್ರಾಜೆಕ್ಟ್ ಮ್ಯಾನೇಜರ್ ಆಗಿದೀನಿ. ಯಾವ ಪಾಲಿಕೆ ಅಂತ ಬೇಡ. ಕೈಕೆಳಗೆ ಏಳು ಜನ ಪ್ರೋಗ್ರಾಮರ್ಸ್ ಇದಾರೆ, ಎಲ್ರೂ ಮ್ಯಾನ್‌ಪವರ್ ಏಜೆನ್ಸಿ ಕಡೆಯಿಂದ ಬಂದ ಹೊರಗುತ್ತಿಗೆಯವ್ರು, ಕೆಲಸದಲ್ಲಿ ಒಳ್ಳೆಯವ್ರೇ. ಇ-ಆಸ್ತಿ (ಆಸ್ತಿ ಖಾತೆಯ ಸಾಫ್ಟ್‌ವೇರು) ತರದ್ದು ರಾಜ್ಯ ಮಟ್ಟದಿಂದಲೇ ಬರುತ್ತೆ, ಅದು ನಮ್ಮ ಕೈಲಿಲ್ಲ, ಆದ್ರೆ ತೆರಿಗೆ ವಸೂಲಿ ಕೌಂಟರ್ ಸಾಫ್ಟ್‌ವೇರು, ನೀರಿನ ಬಿಲ್ಲು, ಮಳಿಗೆ ಬಾಡಿಗೆ, ವೆಬ್‌ಸೈಟು ಇವೆಲ್ಲ ನಮ್ಮ ಟೀಮೇ ಮಾಡಿ ನಮ್ಮ ಟೀಮೇ ನೋಡ್ಕೊಳ್ತಿರೋದು.

ತೊಂದ್ರೆ ಏನಂದ್ರೆ ಬೆಳಿಗ್ಗೆ ನಾನು ಯಾರ್ ಏನ್ ಮಾಡ್ಬೇಕು ಅಂತ ಹೇಳಿ ಕೂತ್ಕೊಂಡ್ರೆ ಹನ್ನೊಂದು ಗಂಟೆ ಹೊತ್ತಿಗೆ ಆರ್‌ಓ (ಕಂದಾಯ ಅಧಿಕಾರಿ) ಸಾಹೇಬ್ರು ನೇರವಾಗಿ ಹುಡುಗನಿಗೆ ಫೋನ್ ಮಾಡಿ ವಾರ್ಡ್‌ವಾರು ಡಿಸಿಬಿ, ಅಂದ್ರೆ ತೆರಿಗೆ ಬೇಡಿಕೆ-ವಸೂಲಿ-ಬಾಕಿ ಪಟ್ಟಿ ಬೇಕು ಮಧ್ಯಾಹ್ನ ಮೀಟಿಂಗ್ ಇದೆ ಅಂತಾರೆ, ಆರೋಗ್ಯ ಶಾಖೆಯವ್ರು ಪ್ರಿಂಟರ್ ಬರ್ತಿಲ್ಲ ಬಾ ಅಂತಾರೆ, ಕಾರ್ಪೊರೇಟರ್ ಕಡೆಯವ್ರು ಬಂದು ನಮ್ಮ ವಾರ್ಡಿನ ಬಾಕಿದಾರರ ಪಟ್ಟಿ ತೆಗೆದುಕೊಡಿ ಅಂತ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತ್ಕೋತಾರೆ. ಸಂಜೆ ಆದ್ರೂ ಬೆಳಿಗ್ಗೆ ಹೇಳಿದ ಕೆಲಸ ಅಲ್ಲೇ ಇರುತ್ತೆ. ಹುಡುಗರನ್ನ ಬೈಯೋಕೆ ಆಗಲ್ಲ, ಅವ್ರು ಯಾರಿಗೆ ಇಲ್ಲ ಅನ್ನೋಕೆ ಸಾಧ್ಯ?

ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ಟೀಮಲ್ಲಿ ಎಲ್ಲರಿಗಿಂತ ಹಳಬ ಒಬ್ಬ ಇದಾನೆ, ಲೈವ್ ಡೇಟಾಬೇಸಿನ ಫುಲ್ ಪಾಸ್‌ವರ್ಡ್ ಅವನ ಹತ್ರನೇ ಇರೋದು. ಕೌಂಟರಿಂದ ಯಾರಾದ್ರೂ ಬಂದು ರಸೀದಿ ತಪ್ಪಾಗಿದೆ ಡಿಲೀಟ್ ಮಾಡು ಅಂದ್ರೆ ಮಾಡಿಬಿಡ್ತಾನೆ, ಪಿಐಡಿ (ಆಸ್ತಿಯ ಗುರುತಿನ ನಂಬರ್) ತಪ್ಪಿದೆ ಬದಲಾಯಿಸು ಅಂದ್ರೆ ಬದಲಾಯಿಸ್ತಾನೆ. ಒಂದು ರೂಪಾಯಿ ಮುಟ್ಟೋನಲ್ಲ, ಅದು ನಂಗೆ ಖಾತ್ರಿ. ಆದ್ರೂ ಇದು ಸರಿಯಿಲ್ಲ ಅಂತ ಮನಸ್ಸು ಕೊರೀತಾನೇ ಇದೆ, ಪಾಸ್‌ವರ್ಡ್ ವಾಪಸ್ ತಗೊಂಡ್ರೆ ನನ್ನ ಮೇಲೆ ಅನುಮಾನ ಪಟ್ರು ಅಂತ ಅವನು ಬಿಟ್ಟು ಹೋದ್ರೆ ಮುಂದೇನು?

ಮುಂದೆ ಏಪ್ರಿಲ್ ಬೇರೆ ಬರ್ತಿದೆ, ಆಸ್ತಿ ತೆರಿಗೆಗೆ 5% ರಿಯಾಯಿತಿ ತಿಂಗಳು, ಊರಿಗೆ ಊರೇ ಕೌಂಟರ್ ಮುಂದೆ ಇರುತ್ತೆ. ಇಂಥ ಜಾಗದಲ್ಲಿ ಟೀಮ್ ನಡೆಸಿದವ್ರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ಕಂಪನೀಲಿ ಕಲಿತ ಸ್ಪ್ರಿಂಟು, ಬೋರ್ಡು ಅಂತ ಕೆಲಸ ಹಂಚೋ ಪದ್ಧತಿ ಯಾವುದೂ ಇಲ್ಲಿ ನಿಲ್ತಿಲ್ಲ.

ಹಳೇ_ಡಿಸಿಬಿ ಉತ್ತರ:

ನಮಸ್ಕಾರ್ರೀ ಮೇಡಂ. ನಾ ಉತ್ತರ ಕರ್ನಾಟಕದಾಗ ನಗರಸಭೆ, ಪಾಲಿಕೆ ಎರಡೂ ಕಡೆ ಐಟಿ ನೋಡ್ಕೊಂಡಾಂವ. ನೀವು ಎರಡನೇದ್ದು ಅಂತ ಬರದೀರಲ್ಲ ಪಾಸ್‌ವರ್ಡ್ ವಿಚಾರ, ಅದನ್ನ ಮೊದಲ ಮುಗಸ್ರಿ, ಉಳಿದದ್ದೆಲ್ಲಾ ಒಂದು ತಿಂಗಳ ತಡಾ ಆದ್ರೂ ನಡೀತೈತಿ.

ಯಾಕಂದ್ರ ರಸೀದಿ ಅಂದ್ರ ರೊಕ್ಕ ರೀ. ನಾ ಕಣ್ಣಾರೆ ನೋಡಿದ್ದು ಹೇಳ್ತೀನಿ. ಒಂದು ಊರಾಗ ಚೆಕ್ ಬೌನ್ಸ್ ಆದ ರಸೀದಿಗೋಳನ್ನ ಸಿಸ್ಟಮ್ನಾಗಿಂದ ತೆಗೀ ಅಂತ ಬಾಯಿಮಾತಿನ್ಯಾಗ ಹೇಳಿದ್ರು, ಹುಡುಗ ತೆಗದ. ರಸೀದಿ ನಂಬರಿನ ಸಾಲಿನ್ಯಾಗ ನಡುವ ನಡುವ ತೂತು ಬಿತ್ತು, ಕ್ಯಾಶ್‌ಬುಕ್ಕಿಗೂ ಡಿಸಿಬಿಗೂ ತಾಳೆ ತಪ್ಪಿತು. ಆವಾಗ ಯಾರೂ ನೋಡ್ಲಿಲ್ಲ. ಮುಂದ ಆಡಿಟ್‌ನವರು ಬಂದು ಈ ನಂಬರ್ ಎಲ್ಲಿ ಅಂತ ಕೇಳಿದಾಗ ಹೇಳಿದ ಸಾಹೇಬರಿಗೆ ಟ್ರಾನ್ಸ್‌ಫರ್ ಆಗಿ ಬ್ಯಾರೆ ಜಿಲ್ಲಾ, ಕೇಸ್ ವರ್ಕರ್ ರಿಟೈರ್ಡ್, ಉಳಿದಾಂವ ಯಾರು? ಆ ಹುಡುಗ. ಆಂವನ ಕಡೆ ಒಂದ ಚೀಟಿ ಸೈತ ಇದ್ದಿಲ್ಲ. ಆಂವ ನಿಯತ್ತಿನಾಂವ ಅಂತ ನಮಗೆಲ್ಲಾ ಗೊತ್ತಿತ್ತು, ಆದ್ರ ಆಡಿಟ್ ಪ್ಯಾರಾಕ್ಕ ನಿಯತ್ತಿನ ಉತ್ತರ ನಡಿಯೂದಿಲ್ಲ, ಕಾಗದ ಬೇಕು. ಏಜೆನ್ಸಿಯವರು ಮರುದಿನ ಕೆಲಸದಿಂದ ತೆಗದ್ರು.

ಅದಕ್ಕ ನಿಮ್ಮ ಹುಡುಗನ್ನ ಕೂಡಿಸ್ಕೊಂಡು ಇದನ್ನ ಹೇಳ್ರಿ, ತಮ್ಮಾ ನಾಳೆ ಏನರ ಆದ್ರ ಮೊದಲ ಬೀಳಾಂವ ನೀನ, ನಿನ್ನ ಮ್ಯಾಲಿನ ಭಾರ ಇಳಸ್ತೀನಿ ಅಂತ. ಆಂವ ಬಿಟ್ಟು ಹೋಗೂದಿಲ್ಲ, ನೋಡ್ತಿರ್ರಿ.

ಮಾಡೂದು ಹ್ಯಾಂಗ ಅಂದ್ರ, ರಸೀದಿ ಯಾವತ್ತೂ ಡಿಲೀಟ್ ಆಗಬಾರದು. ರದ್ದು ಅಂತ ಎಂಟ್ರಿ ಬೀಳಬೇಕು, ಹಳೇದು ಹಂಗ ಇರಬೇಕು, ಕಾರಣ ಬರೀಲಾರದ ಮುಂದ ಹೋಗಬಾರದು. ರದ್ದಿಗೆ ಬೇಡಿಕೆ ಕೌಂಟರ್‌ನವರ ಲಾಗಿನ್ನಿಂದ, ಒಪ್ಪಿಗೆ ಆರ್‌ಓ ಲಾಗಿನ್ನಿಂದ, ದಿನಾ ಸಂಜೀಕ ಅವತ್ತಿನ ರದ್ದು ಪಟ್ಟಿ ಲೆಕ್ಕಾಧಿಕಾರಿಗಳ ಟೇಬಲ್ಲಿಗೆ ತಾನಾಗೆ ಹೋಗಬೇಕು. ಇಷ್ಟು ಸ್ಕ್ರೀನ್ ಮಾಡಾಕ ನಿಮ್ಮ ಟೀಮಿಗೆ ಎರಡು ವಾರ ಸಾಕು. ಆಮ್ಯಾಲ ಲೈವ್ ಡೇಟಾಬೇಸಿಗೆ ಪ್ರೋಗ್ರಾಮರ್‌ಗೋಳಿಗೆ ನೋಡೂ ಅಧಿಕಾರ ಅಷ್ಟ, ತಿದ್ದೂ ಅಧಿಕಾರ ಇಲ್ಲ. ನಿಮಗೂ ಬ್ಯಾಡ ಮೇಡಂ, ನಿಮ್ಮ ಕಡೆ ಇದ್ರ ನಿಮಗ ಫೋನ್ ಬರತಾವು.

ಇನ್ನ ಬಾಯಿಮಾತಿನ ಕೆಲಸದ್ದು. ಸಾಹೇಬರಿಗೆ ಇಲ್ಲ ಅನ್ನಬ್ಯಾಡ್ರಿ. ಆತ್ರಿ ಸರ್ ಅಂತ ಹೇಳಿ ಆ ಕ್ಷಣಾನ ಒಂದು ಮೆಸೇಜ್ ಕಳಸ್ರಿ: ತಾವು ತಿಳಿಸಿದಂತೆ ವಾರ್ಡ್‌ವಾರು ವರದಿ ಮಾಡಲಾಗುತ್ತಿದೆ, ಇದರಿಂದ ನೀರಿನ ಬಿಲ್ ಕೆಲಸ ಸೋಮವಾರಕ್ಕೆ ಮುಂದೆ ಹೋಗುವುದು. ಅಷ್ಟ. ಬಯ್ಯೂದಿಲ್ಲ, ಜಗಳಿಲ್ಲ, ಆದ್ರ ಬರವಣಿಗಿ ಉಳೀತು. ಜತಿಗೆ ಒಂದು ರಿಜಿಸ್ಟರ್ ಇಡ್ರಿ, ಯಾರು ಕೇಳಿದ್ರು, ಯಾರು ಮಾಡಿದ್ರು, ಎಷ್ಟು ತಾಸು ಹೋತು. ತಿಂಗಳ ಆದಮ್ಯಾಲ ಆ ರಿಜಿಸ್ಟರ್ ತಗೊಂಡು ಆಯುಕ್ತರ ಕಡೆ ಹೋಗ್ರಿ, ಸಾಫ್ಟ್‌ವೇರ್ ಬೇಡಿಕೆ ಎಲ್ಲಾ ಒಂದ ಈಮೇಲಿಗೆ ಅಥವಾ ಇ-ಆಫೀಸಿನ್ಯಾಗ ಬರಬೇಕು ಅಂತ ಸುತ್ತೋಲೆ ಕೇಳ್ರಿ. ಸುತ್ತೋಲೆ ಅವರ ಸಹಿ ಮ್ಯಾಲ ಹೋಗಬೇಕು, ನಿಮ್ಮ ಹೆಸರಿನ್ಯಾಗ ಹೋದ್ರ ಗುತ್ತಿಗಿ ಮೇಡಂ ನಮಗ ಹೇಳಾಕ ಬಂದ್ಲು ಅಂತಾರ.

ಡಿಸಿಬಿನ ದಿನಾ ಕೇಳ್ತಾರಲ್ಲ, ಬೇಡಿಕೆ-ವಸೂಲಿ-ಬಾಕಿ, ಅದನ್ನ ಆರ್‌ಓ ಸ್ಕ್ರೀನಿನ ಮ್ಯಾಲ ಒಂದು ಬಟನ್ ಮಾಡಿ ಕೊಟ್ಟುಬಿಡ್ರಿ, ವಾರ್ಡ್ ಆರಿಸಿ ಒತ್ತಿದ್ರ ಎಕ್ಸೆಲ್ ಬರಬೇಕು. ನಮ್ಮಲ್ಲಿ ಇದೊಂದರಿಂದ ಫೋನ್ ಅರ್ಧಕ್ಕರ್ಧ ನಿಂತ್ವು.

ಒಂದು ಮಾತ್ರ ಬಾಯಿಮಾತಿನ್ಯಾಗ ಹೇಳಿದ್ರೂ ತಕ್ಷಣ ಮಾಡ್ರಿ, ಚುನಾವಣಾ ನೀತಿ ಸಂಹಿತೆ ಬಿದ್ದ ದಿನ ವೆಬ್‌ಸೈಟಿನ್ಯಾಗಿಂದ ಮಂತ್ರಿಗಳ, ಜನಪ್ರತಿನಿಧಿಗಳ ಫೋಟೋ ತೆಗಿಯೂದು. ಅದಕ್ಕ ಕಡತ ಕಾಯಬ್ಯಾಡ್ರಿ.

ಏಜೆನ್ಸಿ_ಹುಡುಗ ಉತ್ತರ:

ಅಕ್ಕಾ, ನಾನು ನಿಮ್ಮ ಟೀಮಲ್ಲಿರೋ ಆ ಹಳೇ ಹುಡುಗನ ತರದವನೇ, ಬೇರೆ ಊರು ಅಷ್ಟೆ. ಮೇಲೆ ಹೇಳಿದ್ದೆಲ್ಲ ಸರಿ ಆದ್ರೆ ನಮ್ಮ ಕಡೆಯಿಂದನೂ ಒಂದೆರಡು ಮಾತು ಕೇಳಿ.

ನಮ್ಮಂಥೋರ ಟೀಮಿಗೆ ಮೇಲೆ ಇರೋರು ಮಾಡಬೇಕಾದ ಮೊದಲನೇ ಕೆಲಸ ಕೋಡ್ ರಿವ್ಯೂ ಅಲ್ಲ, ಸಂಬಳ ಟೈಮಿಗೆ ಬರೋ ಹಾಗೆ ನೋಡ್ಕೊಳ್ಳೋದು. ನೀವು ಬೇಜಾರ್ ಮಾಡ್ಕೋಬೇಡಿ, ಕಂಪನೀಲಿ ಟೀಮ್ ಲೀಡ್‌ಗೆ ಇದು ಗೊತ್ತಾಗೋ ಅವಕಾಶನೇ ಇರಲ್ಲ, ಅಲ್ಲಿ ತಿಂಗಳ ಕೊನೆಗೆ ಅದೇ ಬರುತ್ತೆ. ಇಲ್ಲಿ ಹಾಜರಾತಿ ಸರ್ಟಿಫೈ ಆಗಬೇಕು, ಏಜೆನ್ಸಿ ಬಿಲ್ ಹಾಕಬೇಕು, ಕಡತ ಎಫ್‌ಡಿಎ ಟೇಬಲ್ಲಿಂದ ಲೆಕ್ಕ ಶಾಖೆಗೆ ಹೋಗಬೇಕು, ಅಲ್ಲಿ ಒಂದು ಆಕ್ಷೇಪಣೆ ಬಿದ್ರೆ ವಾಪಸ್ ಬರಬೇಕು, ಅಷ್ಟರಲ್ಲಿ ಎರಡು ಮೂರು ತಿಂಗಳು ಆಗೋಗಿರುತ್ತೆ. ನಮ್ಮಲ್ಲಿ ಒಬ್ಬರು ಮೇಡಂ ಇದ್ರು, ಪ್ರತಿ ತಿಂಗಳು 1ನೇ ತಾರೀಖು ಬೆಳಿಗ್ಗೆ ಬೇರೆ ಏನೂ ಮುಟ್ಟದೆ ಹಾಜರಾತಿ ಕಡತಕ್ಕೆ ಸಹಿ ಹಾಕಿ ತಾವೇ ಕೈಯಲ್ಲಿ ಹಿಡ್ಕೊಂಡು ಲೆಕ್ಕ ಶಾಖೆಗೆ ಹೋಗೋರು. ಅವ್ರು ಏನ್ ಹೇಳಿದ್ರೂ ನಾವು ರಾತ್ರಿ ಕೂತು ಮಾಡಿಕೊಡ್ತಿದ್ವಿ, ಅವ್ರು ಕೇಳದೇ ಇದ್ರೂನು.

ಬಿಲ್ ಸರ್ಟಿಫೈ ಮಾಡೋ ಮುಂಚೆ ಹಿಂದಿನ ತಿಂಗಳ ಪಿಎಫ್, ಇಎಸ್ಐ ಚಲನ್ ಇಟ್ಟಿದಾರಾ, ಅದರಲ್ಲಿ ನಿಮ್ಮ ಏಳೂ ಜನರ ಹೆಸರು ಇದೆಯಾ ನೋಡಿ. ಹುಡುಗರಿಗೆ ಹೇಳಿ ಉಮಂಗ್ ಆಪ್‌ನಲ್ಲಿ ಅವರವರ ಪಿಎಫ್ ಪಾಸ್‌ಬುಕ್ ತೆಗೆದು ನೋಡಲಿ. ಸಂಬಳದಲ್ಲಿ 12% ಕಟ್ ಆಗಿರುತ್ತೆ, ಪಾಸ್‌ಬುಕ್ಕಲ್ಲಿ ಬಂದಿರಲ್ಲ, ಈ ಕಥೆ ನಮ್ಮಲ್ಲಿ ಆಗಿದೆ. ಏಜೆನ್ಸಿಗೆ ನಾವು ಕೇಳಿದ್ರೆ ನಾಳೆಯಿಂದ ಬರಬೇಡ ಅಂತಾರೆ, ಬಿಲ್‌ಗೆ ಸಹಿ ಹಾಕೋರು ಕೇಳಿದ್ರೆ ಒಂದು ವಾರದಲ್ಲಿ ಕಟ್ತಾರೆ.

ಎರಡನೇದು, ಜನ ಯಾಕೆ ಕೂಗಾಡ್ತಾರೆ ಅಂತ ನಮಗೆ ಯಾರೂ ಹೇಳಲ್ಲ. ಖಾತಾ ಬದಲಾವಣೆ ಕೇಸ್ ವರ್ಕರ್ ಒಬ್ಬರು ದಿನಾ ಬಂದು ಸರ್ವರ್ ಸ್ಲೋ ಅಂತ ರೇಗೋರು, ನಮಗೂ ಸಿಟ್ಟು ಬರೋದು. ಆಮೇಲೆ ಗೊತ್ತಾಗಿದ್ದು, ಸಕಾಲ ಕಾಯ್ದೆಯಲ್ಲಿ ಅರ್ಜಿ ಅವಧಿ ಮೀರಿದ್ರೆ ದಿನಕ್ಕೆ 20 ರೂಪಾಯಿ ಲೆಕ್ಕದಲ್ಲಿ 500ರವರೆಗೆ ಪರಿಹಾರ ಕೊಡಬೇಕು, ಅದು ತಡ ಮಾಡಿದ ನೌಕರರ ತಲೆ ಮೇಲೆ ಬರುತ್ತೆ, ಅದಕ್ಕಿಂತ ಹೆಚ್ಚಾಗಿ ರಿವ್ಯೂ ಮೀಟಿಂಗಲ್ಲಿ ಅವ್ರ ಹೆಸರು ಓದ್ತಾರೆ. ನಮ್ಮ ಸ್ಕ್ರೀನು ನಿಂತ್ರೆ ಅವ್ರ ದಿನ ಓಡ್ತಾನೇ ಇರುತ್ತೆ. ಇದು ಗೊತ್ತಾದ ಮೇಲೆ ಅವ್ರ ಕೆಲಸ ನಾವು ಮೊದಲು ತಗೋತಿದ್ವಿ. ಅದಕ್ಕೆ ಹೇಳೋದು ಅಕ್ಕಾ, ಮೀಟಿಂಗಿಗೆ ಒಬ್ಬರನ್ನಾದ್ರೂ ಸರದಿ ಮೇಲೆ ಕರ್ಕೊಂಡು ಹೋಗಿ, ಹಿಂದಿನ ಸಾಲಲ್ಲಿ ಕೂರಲಿ.

ಮತ್ತೆ ಟೆಂಡರ್ ಮುಗಿದು ಏಜೆನ್ಸಿ ಬದಲಾಗೋ ಟೈಮಲ್ಲಿ ನಾವು ಉಳೀತೀವಾ ಇಲ್ವಾ ಅನ್ನೋದು ಕೊನೇ ದಿನದವರೆಗೂ ಗೊತ್ತಿರಲ್ಲ, ಆ ಸಮಯಕ್ಕೆ ಒಳ್ಳೊಳ್ಳೆ ಹುಡುಗರು ಬೆಂಗಳೂರಿಗೆ ಹೊರಟುಬಿಡ್ತಾರೆ. ಟೆಂಡರ್ ಮುಗಿಯೋಕೆ ಆರು ತಿಂಗಳು ಇರೋವಾಗ್ಲೇ ಕಡತ ಶುರು ಮಾಡಿಸಿ, ಈಗ ಇರೋರನ್ನ ಮುಂದುವರಿಸಬೇಕು ಅಂತ ಷರತ್ತಲ್ಲಿ ಬರೆಸೋಕೆ ಆಗುತ್ತಾ ನೋಡಿ. ಆಗದಿದ್ರೂ ಕೇಳಿದ್ರಿ ಅನ್ನೋದು ನಮಗೆ ಗೊತ್ತಾದ್ರೆ ಸಾಕು.

ಕೌಂಟರ್_ನಂಬರ್_3 ಉತ್ತರ:

ನಾನು ಪ್ರೋಗ್ರಾಮರ್ ಅಲ್ಲ, ಕೌಂಟರ್ ಕಡೆಯವನು, ಮೈಸೂರು ಸೀಮೆ. ಒಂದು ವಿನಂತಿ ಇದೆ ಮೇಡಂ, ನಿಮ್ಮ ಟೀಮಿನ ಪ್ರತಿಯೊಬ್ಬರೂ ಏಪ್ರಿಲ್‌ಗೆ ಮುಂಚೆ ಒಂದು ದಿನ ಕೌಂಟರ್ ಹಿಂದೆ ಕೂರಲಿ.

ನಮ್ಮಲ್ಲಿ ಹೆಸರಿನಿಂದ ಹುಡುಕಿದರೆ ಸಿಗುತ್ತಿಲ್ಲ ಅಂತ ತಿಂಗಳುಗಟ್ಟಲೆ ದೂರು ಕೊಟ್ಟಿದ್ವಿ, ಐಟಿಯವರು ನಮ್ಮ ಕಡೆ ಸರಿಯಾಗೇ ಬರ್ತಿದೆ ಅಂತ ಮುಚ್ಚಿಬಿಡೋರು. ಒಂದು ದಿನ ಒಂದು ಹುಡುಗಿ ಬಂದು ನನ್ನ ಪಕ್ಕ ಕೂತಳು. ವಯಸ್ಸಾದ ಹೆಂಗಸೊಬ್ಬರು ಹಳೇ ರಸೀದಿ ತಂದಿದ್ರು, ಪಿಐಡಿ ಅಳಿಸಿಹೋಗಿತ್ತು, ಹೆಸರು ದೊಡ್ಡಮ್ಮ. ಟೈಪ್ ಮಾಡಿದ್ರೆ ಸೊನ್ನೆ. ರಸ್ತೆ ಹೆಸರಿಂದ ಹುಡುಕಿದ್ರೆ ಅದೇ ದೊಡ್ಡಮ್ಮ ಪರದೆ ಮೇಲೆ ಕಾಣ್ತಿದೆ, ಅಕ್ಷರ ಅಕ್ಷರ ಒಂದೇ. ಆ ಹುಡುಗಿ ಎರಡನ್ನೂ ಕಾಪಿ ಮಾಡಿ ಒಳಗಿನ ಕೋಡ್ ತೆಗೆದು ತೋರಿಸಿದಳು. ನಾವು ಈಗ ಟೈಪ್ ಮಾಡೋ ದೊ ಅಕ್ಷರದಲ್ಲಿ ದ ಆದಮೇಲೆ ಒತ್ವದ ಒಂದೇ ಚಿಹ್ನೆ ಇದೆ, ಹಳೇ ನುಡಿ ಫಾಂಟಿನ ಡೇಟಾನ ಯೂನಿಕೋಡಿಗೆ ತಿರುಗಿಸಿದಾಗ ಅದು ಎತ್ವ ಒಂದು, ಕೊಂಬಿನ ದೀರ್ಘ ಒಂದು ಅಂತ ಎರಡು ತುಂಡಾಗಿ ಕೂತಿದೆ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಕೆಲವು ಹೆಸರಲ್ಲಿ ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯಿನರ್ ಅನ್ನೋ ಜೋಡಿಸೋ ಚಿಹ್ನೆ ಬೇರೆ ಸೇರ್ಕೊಂಡಿತ್ತು, ಅರ್ಕಾವತ್ತು ಇರೋ ಕಡೆ ಜಾಸ್ತಿ. ಐಟಿಯವರು ತಮ್ಮ ಟೇಬಲ್ಲಲ್ಲಿ ತಾವೇ ಹೊಸದಾಗಿ ಹೆಸರು ಟೈಪ್ ಮಾಡಿ ತಾವೇ ಹುಡುಕ್ತಿದ್ರು, ಅದಕ್ಕೆ ಅವರಿಗೆ ಯಾವಾಗಲೂ ಸಿಗ್ತಿತ್ತು.

ವಾರದೊಳಗೆ ಸರಿ ಮಾಡಿದ್ರು, ಹುಡುಕೋಕೇ ಅಂತ ಬೇರೆ ಕಾಲಂ ಮಾಡಿ ಅದರಲ್ಲಿ ಎಲ್ಲಾ ಹೆಸರನ್ನೂ ಒಂದೇ ರೂಪಕ್ಕೆ ನಾರ್ಮಲೈಸ್ ಮಾಡಿ, ಜಾಯಿನರ್ ಕಿತ್ತು ಇಟ್ರು. ತಿಂಗಳುಗಟ್ಟಲೆ ಆಗದ್ದು ಅರ್ಧ ದಿನ ಜೊತೇಲಿ ಕೂತಿದ್ದಕ್ಕೆ ಆಯ್ತು. ಆ ಹೆಂಗಸು ಅದಕ್ಕೆ ಮುಂಚೆ ಎಷ್ಟು ಸಲ ಬಂದು ವಾಪಸ್ ಹೋಗಿದ್ರೋ ಅಂತ ನನಗೆ ಈಗ್ಲೂ ಸಂಕಟ ಆಗುತ್ತೆ.

ಇನ್ನೊಂದು, ಏಪ್ರಿಲ್‌ಗೆ ಎಸ್‌ಎಂಎಸ್ ಕಳಿಸೋ ಯೋಚನೆ ಇದ್ರೆ ಈಗ್ಲೇ ವಾಕ್ಯ ನಿಗದಿ ಮಾಡಿಸಿ. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ, ಕನ್ನಡ ಯೂನಿಕೋಡ್ ಆದ್ರೆ 70, ಅದರಲ್ಲೂ ಗುಣಿತ ಒತ್ತು ಎಲ್ಲಾ ಬೇರೆ ಬೇರೆ ಲೆಕ್ಕ. ಉದ್ದ ಬರೆದ್ರೆ ಒಂದು ಮೆಸೇಜಿಗೆ ಮೂರರ ದುಡ್ಡು. ಡಿಎಲ್‌ಟಿಯಲ್ಲಿ (ಎಸ್‌ಎಂಎಸ್ ವಾಕ್ಯ ಮೊದಲೇ ನೋಂದಾಯಿಸೋ ಟೆಲಿಕಾಂ ವ್ಯವಸ್ಥೆ) ಟೆಂಪ್ಲೇಟ್ ಒಪ್ಪಿಗೆ ಆದಮೇಲೆ ಒಂದು ಪದ ಬದಲಾದ್ರೂ ಹೋಗಲ್ಲ. ಮಾರ್ಚ್ ಕೊನೇ ವಾರದಲ್ಲಿ ಸಾಹೇಬರು ಒಂದು ಸಾಲು ಸೇರಿಸಿ ಅಂದ್ರೆ ಹುಡುಗರ ಕೈಲಿ ಏನೂ ಇರಲ್ಲ, ಇದನ್ನ ಸಾಹೇಬರಿಗೆ ನೀವು ಫೆಬ್ರವರಿಯಲ್ಲೇ ಹೇಳಿಡಬೇಕು. ದಯವಿಟ್ಟು ಕನ್ನಡದಲ್ಲೇ ಕಳಿಸಿ, ಚಿಕ್ಕದಾಗಿ.

ದೂರದೂರ_ಕನ್ನಡಿಗ ಉತ್ತರ:

ನಾನಿರೋದು ಇಂಗ್ಲೆಂಡಲ್ಲಿ, ಒಂದು ಕೌನ್ಸಿಲ್‌ನ ರೆವೆನ್ಯೂಸ್ ಸಿಸ್ಟಮ್ ನೋಡ್ಕೊಳ್ಳೋ ಟೀಮಲ್ಲಿ. ಇಲ್ಲೂ ಕೌನ್ಸಿಲ್ ಟ್ಯಾಕ್ಸ್ ವರ್ಷ ಶುರುವಾಗೋದು ಏಪ್ರಿಲ್ 1ಕ್ಕೇ, ಬಿಲ್ಲು ಮಾರ್ಚಲ್ಲೇ ಮನೆಮನೆಗೆ ಹೋಗಬೇಕು, ಹಾಗಾಗಿ ನಿಮ್ಮ ಗಾಬರಿ ಅರ್ಥ ಆಗುತ್ತೆ. ನಾವು ಮಾಡೋದು ಇಷ್ಟು, ಬಿಲ್ಲಿಂಗ್ ಮುಂಚಿನ ವಾರಗಳಲ್ಲಿ ಲೈವ್ ಸಿಸ್ಟಮಲ್ಲಿ ಹೊಸದೇನೂ ಹಾಕಲ್ಲ, ಇದನ್ನ ವರ್ಷದ ಶುರುವಲ್ಲೇ ಮೇಲಿನವರ ಹತ್ರ ಒಪ್ಪಿಸಿಕೊಂಡಿರ್ತೀವಿ. ಕಾಪಿ ಡೇಟಾ ಮೇಲೆ ಇಡೀ ಊರಿನ ಹೊಸ ವರ್ಷದ ಬಿಲ್ ಒಮ್ಮೆ ಓಡಿಸಿ, ರಿಯಾಯಿತಿ ಇರೋದು, ಖಾಲಿ ಮನೆ, ಹೆಸರು ಬದಲಾದದ್ದು ಅಂತ ಒಂದಿಷ್ಟು ಆರಿಸಿ ತೆರಿಗೆ ವಿಭಾಗದವ್ರ ಕೈಯಲ್ಲೇ ಲೆಕ್ಕ ಹಾಕಿಸಿ ನೋಡ್ತೀವಿ, ಪ್ರೋಗ್ರಾಮರ್ ತನ್ನ ಲೆಕ್ಕ ತಾನೇ ನೋಡಿ ಸರಿ ಅನ್ನೋ ಹಾಗಿಲ್ಲ. ಕೌನ್ಸಿಲರ್‌ಗಳು ಕೇಳೋ ಪ್ರಶ್ನೆಗಳಿಗೆ ಬೇರೆ ಇನ್‌ಬಾಕ್ಸೇ ಇದೆ, ಯಾರೂ ಪ್ರೋಗ್ರಾಮರ್ ಟೇಬಲ್ ಹತ್ರ ಬರಲ್ಲ. ಅದು ತನ್ನಷ್ಟಕ್ಕೆ ಆಗಿದ್ದಲ್ಲ, ಯಾರೋ ಒಬ್ಬರು ಪಟ್ಟು ಹಿಡಿದು ಮಾಡಿಸಿದ್ದು.

ತುಂಗೆ_ದಂಡೆ:

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಆ ಹುಡುಗನ ಹತ್ರ ಮಾತಾಡಿದೆ. ಭಾರ ಇಳಸ್ತೀನಿ ಅನ್ನೋ ಮಾತನ್ನೇ ಹೇಳಿದೆ ಸರ್, ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಮೇಡಂ ಇದನ್ನ ಯಾರಾದ್ರೂ ಕೇಳ್ತಾರಾ ಅಂತ ಕಾಯ್ತಿದ್ದೆ, ಬೇಡ ಅಂತ ಹೇಳೋ ಧೈರ್ಯ ನನಗಿರಲಿಲ್ಲ ಅಂದ. ರಸೀದಿ ರದ್ದು ಸ್ಕ್ರೀನ್ ಕೆಲಸ ಅವನೇ ತಗೊಂಡಿದಾನೆ. ಪಿಎಫ್ ಪಾಸ್‌ಬುಕ್ ಎಲ್ಲರದ್ದೂ ತೆಗೆಸಿದೆ, ಇಬ್ಬರದ್ದು ಬಾಕಿ ಇದೆ, ಈ ತಿಂಗಳ ಬಿಲ್‌ಗೆ ಸಹಿ ಹಾಕೋ ಮುಂಚೆ ಕಟ್ಟಬೇಕು ಅಂತ ಏಜೆನ್ಸಿಗೆ ಬರೆದಿದೀನಿ.

ಒಂದು ಅನುಮಾನ. ಹುಡುಗರಿಗೂ ನನಗೂ ತಿದ್ದೋ ಅಧಿಕಾರ ಇಲ್ಲ ಅಂದ್ರೆ, ಏಪ್ರಿಲ್ 30ರ ರಾತ್ರಿ ಸರ್ವರ್‌ನಲ್ಲಿ ಏನಾದ್ರೂ ಕೆಟ್ಟು ಡೇಟಾ ಮುಟ್ಟಲೇಬೇಕು ಅನ್ನೋ ಪರಿಸ್ಥಿತಿ ಬಂದ್ರೆ ಯಾರು ಮಾಡೋದು?

ಹಳೇ_ಡಿಸಿಬಿ:

ಬರತೈತ್ರಿ ಅಂಥಾ ರಾತ್ರಿ, ಅದಕ್ಕ ಮೊದಲ ತಯಾರಿ ಬೇಕು. ಪಾಸ್‌ವರ್ಡ್ ಎರಡು ತುಂಡು ಮಾಡಿ ಎರಡು ಲಕೋಟಿ ಒಳಗ ಹಾಕಿ ಸೀಲ್ ಮಾಡ್ರಿ, ಒಂದು ಲೆಕ್ಕಾಧಿಕಾರಿಗಳ ಕಡೆ, ಒಂದು ನಿಮ್ಮ ಕಪಾಟಿನ್ಯಾಗ. ತೆಗೀಬೇಕಂದ್ರ ಆಯುಕ್ತರ ಒಂದು ಮೆಸೇಜ್ ಸಾಕು, ಆದ್ರ ಮೆಸೇಜ್ ಇರಾಕ ಬೇಕು, ಬರೇ ಫೋನ್ ಅಲ್ಲ. ಕೆಲಸ ಮಾಡೂಮುಂದ ಇಬ್ಬರು ಕೂಡಿ ಕುಂದ್ರಬೇಕು, ಒಬ್ಬಾಂವ ಟೈಪ್ ಮಾಡ್ತಾನ, ಇನ್ನೊಬ್ಬಾಂವ ಓದಿ ಹೂಂ ಅಂತಾನ. ತಿದ್ದೂಕಿಂತ ಮೊದಲ ಎಷ್ಟು ಸಾಲು ಬದಲಾಗತಾವು ಅಂತ ಎಣಿಸಿ ನೋಡಿ, ಆಮ್ಯಾಲ ಮುಟ್ಟಬೇಕು. ಮುಗದ ಕೂಡಲೇ ಪಾಸ್‌ವರ್ಡ್ ಬದಲಿ ಮಾಡಿ ಹೊಸಾ ಲಕೋಟಿ.

ಲಾಗ್ ಅಳಸಬ್ಯಾಡ್ರಿ, ಸರ್ಟ್-ಇನ್ (ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ) 2022ರ ನಿರ್ದೇಶನದಾಗ 180 ದಿವಸದ ಲಾಗ್ ಇಡಬೇಕು ಅಂತ ಐತಿ, ಹ್ಯಾಕ್ ಗೀಕ್ ಆಗೇತಿ ಅಂತ ಗೊತ್ತಾದ್ರ ಆರು ತಾಸಿನೊಳಗ ಅವರಿಗೆ ತಿಳಿಸಬೇಕು. ಆ ಫೋನ್ ನಂಬರು, ಈಮೇಲು ಗ್ವಾಡಿ ಮ್ಯಾಲ ಹಚ್ಚಿರ್ರಿ.

ಮತ್ತ ಬ್ಯಾಕಪ್ ಐತಿ ಅಂತ ಎಲ್ಲಾರೂ ಅಂತಾರ. ಮಾರ್ಚ್ ಮುಗಿಯೂದರೊಳಗ ಒಂದು ಭಾನುವಾರ ಬ್ಯಾರೆ ಮಶೀನಿನ ಮ್ಯಾಲ ಅದನ್ನ ರಿಸ್ಟೋರ್ ಮಾಡಿಸಿ, ಹಿಂದಿನ ದಿನದ ವಸೂಲಿ ಮೊತ್ತ ಬ್ಯಾಂಕ್ ಚಲನ್ ಕೂಡ ತಾಳೆ ಆಗತೈತೇನು ನೋಡ್ರಿ. ಆ ಭಾನುವಾರ ಬಂದ ಹುಡುಗರಿಗೆ ವಾರದಾಗ ಒಂದು ದಿನ ರಜಾ ಕೊಟ್ಟು ಹಾಜರಾತಿ ಒಳಗ ಬರೀರಿ, ಇಲ್ಲಂದ್ರ ಏಜೆನ್ಸಿಯವರು ಆ ದಿನದ ಸಂಬಳ ಹಿಡಿತಾರ.